ತವರಿನಲ್ಲಿ ಬೇಸಿಗೆ ರಜೆ: ಮೊದಲ ಫೋನಿನಿಂದ ಉಪ್ಪಿನಕಾಯಿ ಡಬ್ಬಿ ಕಟ್ಟುವವರೆಗೆ

ಏಪ್ರಿಲ್ 10ರ ಸುಮಾರಿಗೆ ಶಾಲೆಗೆ ರಜೆ ಬಿಟ್ಟರೆ ಅದರ ಮರುದಿನವೋ ಮೂರನೆಯ ದಿನವೋ ಶಿರಸಿಯ ನಮ್ಮ ಮನೆಯ ಜಗಲಿಯ ಕೆಳಗೆ ಚಪ್ಪಲಿಗಳ ರಾಶಿ ಬೀಳುತ್ತಿತ್ತು. ಹುಬ್ಬಳ್ಳಿಯಿಂದ ದೊಡ್ಡಪ್ಪನ ಮಕ್ಕಳು, ಬೆಂಗಳೂರಿನಿಂದ ಚಿಕ್ಕಮ್ಮ ಮತ್ತು ಅವಳ ಮಕ್ಕಳು, ಒಮ್ಮೊಮ್ಮೆ ಅವರ ಜೊತೆ ನಮಗೆ ಸಂಬಂಧವೇ ಇಲ್ಲದ ಪಕ್ಕದ ಮನೆಯ ಹುಡುಗ. ಆಯಿ, ಅಂದರೆ ನಮ್ಮ ಅಮ್ಮ, ಬಂದವರ ತಲೆ ಎಣಿಸುತ್ತಿರಲಿಲ್ಲ. ಅಟ್ಟದಿಂದ ದೊಡ್ಡ ಪಾತ್ರೆ ಇಳಿಸಿ ದೋಸೆಗೆ ಅಕ್ಕಿ ನೆನೆಹಾಕುತ್ತಿದ್ದಳು. ಆ ಪಾತ್ರೆ ಅಟ್ಟಕ್ಕೆ ವಾಪಸು ಹೋಗುತ್ತಿದ್ದುದು ಮೇ ಕೊನೆಯಲ್ಲಿ. ನಮಗೆಲ್ಲ ಅದು ರಜೆ. ಆಯಿಗೆ ಅದು ಏನಾಗಿತ್ತೆಂದು ನಾವ್ಯಾರೂ ಕೇಳಿದ್ದಿಲ್ಲ.

ಈಗ ನಾನು ಬೆಂಗಳೂರಿನವಳು. ಗಂಡ ತುಮಕೂರಿನ ಕಡೆಯವರು, ಮಕ್ಕಳು ಇಬ್ಬರು. ತವರಿನ ಅಡುಗೆಮನೆ ಅತ್ತಿಗೆಯ ಕೈಯಲ್ಲಿದೆ. ಜಗಲಿಯ ಕೆಳಗೆ ಚಪ್ಪಲಿ ಬಿಡುವವಳು ಈಗ ನಾನೇ. ಎರಡೂ ಕಡೆ ನಿಂತು ನೋಡಿದ್ದರಿಂದ ಒಂದಿಷ್ಟು ಕಲಿತಿದ್ದೇನೆ, ಅದರಲ್ಲಿ ಅರ್ಧ ತಪ್ಪು ಮಾಡಿ ಕಲಿತದ್ದು. ನಾನು ಹೇಳುವುದು ಶಿರಸಿಯ ಮಾತು. ನಿಮ್ಮ ನೆಂಟರು ಸಾಗರದಲ್ಲಿರಲಿ, ಚಿಂತಾಮಣಿಯಲ್ಲಿರಲಿ, ಊರಿನ ಹೆಸರು ಮತ್ತು ತಿಂಡಿಯ ಹೆಸರು ಬದಲಿಸಿಕೊಂಡರೆ ಮುಕ್ಕಾಲು ಪಾಲು ಹೊಂದುತ್ತದೆ.

1. ಫೋನು ಯಾರಿಗೆ ಮಾಡಬೇಕು

ಅಣ್ಣನಿಗೆ ಫೋನು ಮಾಡಿ "ರಜೆಗೆ ಬರಬಹುದಾ?" ಎಂದರೆ "ಕೇಳುವುದೇನಿದೆ, ಬನ್ನಿ" ಎನ್ನುತ್ತಾನೆ. ಮನಸ್ಸಿನಿಂದಲೇ ಹೇಳುತ್ತಾನೆ. ಆದರೆ ಹಾಲು ಎಷ್ಟು ಹೆಚ್ಚಿಗೆ ಹೇಳಬೇಕು, ಮೆತ್ತಿನ (ಮಹಡಿಯ) ಮೇಲೆ ಎಷ್ಟು ಹಾಸಿಗೆ ಇವೆ, ಅಡುಗೆ ಅನಿಲ ಇನ್ನೆಷ್ಟು ದಿನ ಬರುತ್ತದೆ ಎಂಬ ಲೆಕ್ಕ ಅವನ ಹತ್ತಿರ ಇಲ್ಲ. ಆದ್ದರಿಂದ ಮೊದಲ ಫೋನು ಆ ಮನೆಯಲ್ಲಿ ಅಡುಗೆ ಮಾಡುವವರಿಗೆ.

ಒಂದೇ ದಿನಾಂಕ ಹೇಳಬೇಡಿ, ಎರಡು ಹೇಳಿ. "ಏಪ್ರಿಲ್ 18ಕ್ಕೆ ಬರುತ್ತೇವೆ" ಎಂದರೆ ನಮ್ಮ ಕಡೆ ಯಾರೂ ಬೇಡ ಎನ್ನುವುದಿಲ್ಲ. ಬಾಯಿಗೇ ಬರುವುದಿಲ್ಲ ಆ ಮಾತು. "18ರ ವಾರವೋ, ಮೇ ಮೊದಲ ವಾರವೋ, ನಿನಗೆ ಯಾವುದು ಸಸಾರ?" ಎಂದು ಕೇಳಿದರೆ ಅತ್ತಿಗೆಗೆ ಆರಿಸಲು ದಾರಿ ಸಿಗುತ್ತದೆ. ಹೊರಡುವ ದಿನವನ್ನೂ ಅದೇ ಫೋನಿನಲ್ಲಿ ಹೇಳಿಬಿಡಿ. "ನೋಡೋಣ, ಒಂದು ವಾರವೋ ಹತ್ತು ದಿನವೋ" ಎನ್ನುವ ನೆಂಟರಿಗೆ ಎಷ್ಟು ದಿನಕ್ಕೆ ಸಾಮಾನು ತರಿಸಬೇಕೆಂದು ಮನೆಯವರಿಗೆ ಗೊತ್ತಾಗುವುದಿಲ್ಲ. ನನ್ನ ಅನುಭವದಲ್ಲಿ ಐದು ಅಥವಾ ಆರು ರಾತ್ರಿ ಸರಿಯಾದ ಅಳತೆ. ಮಕ್ಕಳನ್ನು ಮಾತ್ರ ಇನ್ನೂ ನಾಲ್ಕು ದಿನ ಬಿಟ್ಟು ಬರುವುದು ಬೇರೆ ವಿಷಯ, ಅದನ್ನು ಆ ಮನೆಯವರೇ ಬಾಯಿಬಿಟ್ಟು ಕೇಳಬೇಕು.

ದಿನ ಗೊತ್ತುಮಾಡುವಾಗ ಅವರ ಕೆಲಸದ ಕ್ಯಾಲೆಂಡರನ್ನೂ ನೋಡಿ. ಏಪ್ರಿಲ್, ಮೇ ಎಂದರೆ ನಮಗೆ ಬಿಡುವು. ಅಲ್ಲಿ ಮದುವೆ, ಉಪನಯನಗಳ ಸಾಲು. ಉಪ್ಪಿನಕಾಯಿಯ ಎಳೆ ಮಾವು ಅಪ್ಪೆ ಮಿಡಿ ಬಂದರೆ ಅದನ್ನು ಅಂದೇ ತೊಳೆದು ಉಪ್ಪಿಗೆ ಹಾಕಬೇಕು, ನೆಂಟರಿಗಾಗಿ ಅದು ಕಾಯುವುದಿಲ್ಲ. ಮೇ ತಿಂಗಳಿನಲ್ಲಿ ಮಳೆಗಾಲದ ತಯಾರಿ: ಹೆಂಚು ಕೈಯಾಡಿಸಬೇಕು, ಕಟ್ಟಿಗೆ ಒಳಗೆ ಸೇರಿಸಬೇಕು. ಮಾಡಿಗೆ ಆಳು ಹತ್ತಿದ ದಿನ ನೀವು ಹೋಗಿ ಇಳಿದರೆ ಮಲಗುವ ಕೋಣೆಯ ಮೇಲೆ ಆಕಾಶ ಕಾಣುತ್ತದೆ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಫೆಬ್ರುವರಿ–ಮಾರ್ಚ್‌ನಲ್ಲಿ. ಆಗ ಊರಿನ ಪ್ರತಿ ಮನೆಯೂ ತುಂಬಿರುತ್ತದೆ, ಜಾತ್ರೆ ನೋಡುವ ಆಸೆಯಿದ್ದರೆ ನೆಲದ ಮೇಲೆ ಚಾಪೆ ಹಾಸಿ ಮಲಗಲು ಸಿದ್ಧರಾಗಿ ಹೋಗಿ. ಜಲಪಾತ ನೋಡಬೇಕು ಎನ್ನುವವರಿಗೆ ದಸರೆಯ ರಜೆಯೇ ಒಳ್ಳೆಯದು. ಅಘನಾಶಿನಿ 116 ಮೀಟರ್ ಧುಮುಕುವ ಉಂಚಳ್ಳಿ ಜಲಪಾತ ಮೇ ತಿಂಗಳಿನಲ್ಲಿ ಸೊರಗಿರುತ್ತದೆ. ಸಹಸ್ರಲಿಂಗ ಇದಕ್ಕೆ ತದ್ವಿರುದ್ಧ, ಶಾಲ್ಮಲೆಯ ನೀರು ಇಳಿದರೆ ಮಾತ್ರ ಲಿಂಗಗಳು ಕಾಣುತ್ತವೆ.

2. ಟಿಕೆಟ್: ಹೋಗುವುದೂ ಬರುವುದೂ ಒಟ್ಟಿಗೆ

ಬೆಂಗಳೂರಿನಿಂದ ಶಿರಸಿಗೆ ಸುಮಾರು 400 ಕಿ.ಮೀ. ಊರಿಗೆ ರೈಲು ಇಲ್ಲ. ಹೆಚ್ಚಿನವರು ರಾತ್ರಿ ಬಸ್ಸನ್ನೇ ಹಿಡಿಯುತ್ತಾರೆ. ಬಸ್ಸಿನಲ್ಲಿ ಮಕ್ಕಳಿಗೆ ನಿದ್ದೆ ಬರುವುದಿಲ್ಲ ಎನ್ನುವವರು ಮೈಸೂರಿನಿಂದ ಬೆಂಗಳೂರಿನ ಮೇಲೆ ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲು ಹಿಡಿಯಬಹುದು. ತಾಳಗುಪ್ಪದಲ್ಲಿ ಇಳಿದು ಸಿದ್ದಾಪುರದ ಮೇಲೆ ಇನ್ನೊಂದು 50–55 ಕಿ.ಮೀ. ಬಸ್ಸು. ರೈಲಿನ ಮುಂಗಡ ಟಿಕೆಟ್ 60 ದಿನ ಮೊದಲು ತೆರೆಯುತ್ತದೆ. ಹಿಂದೆ 120 ದಿನ ಇತ್ತು, 2024ರ ನವೆಂಬರ್‌ನಿಂದ ಬದಲಾಗಿದೆ. ಏಪ್ರಿಲ್ ನಡುವಿನ ಸೀಟು ಫೆಬ್ರುವರಿಯಲ್ಲೇ ತುಂಬಿಬಿಡುತ್ತದೆ.

ಬರುವ ಟಿಕೆಟನ್ನೂ ಅದೇ ದಿನ ತೆಗೆಸಿ. ಟಿಕೆಟ್ ಕೈಯಲ್ಲಿದ್ದರೆ "ಇನ್ನೆರಡು ದಿನ ಇರಿ" ಎಂಬ ಒತ್ತಾಯಕ್ಕೆ ಒಂದು ಗೌರವದ ಉತ್ತರ ಸಿಗುತ್ತದೆ. ಒತ್ತಾಯ ಮಾಡುವವರಿಗೂ ಧೈರ್ಯವಾಗಿ ಒತ್ತಾಯ ಮಾಡಲು ಆಗುತ್ತದೆ!

ಬಸ್ಸು ಬೆಳಗಿನ ಐದಕ್ಕೋ ಆರಕ್ಕೋ ಮುಟ್ಟುತ್ತದೆ. "ನಿಲ್ದಾಣಕ್ಕೆ ಬರುತ್ತೇನೆ" ಎನ್ನುವ ಅಣ್ಣನನ್ನು ತಡೆಯಿರಿ. ಆಟೊ ಸಿಗುತ್ತದೆ, ಮನೆ ಗೊತ್ತಿದೆ, ಮತ್ತೆ ಅವನ ನಿದ್ದೆ ಯಾಕೆ ಕೆಡಿಸಬೇಕು? ಘಟ್ಟದ ಕಡೆಯ ತಿರುವುಗಳಲ್ಲಿ ನನ್ನ ಮಗನಿಗೆ ತಪ್ಪದೆ ವಾಂತಿಯಾಗುತ್ತದೆ. ಮುಂದಿನ ಸೀಟು, ಖಾಲಿ ಹೊಟ್ಟೆಯೂ ಅಲ್ಲದ ತುಂಬಿದ ಹೊಟ್ಟೆಯೂ ಅಲ್ಲದ ಊಟ, ಕೈಯಲ್ಲೊಂದು ನಿಂಬೆಹಣ್ಣು, ಜೊತೆಗೆ ಎರಡು ಪ್ಲಾಸ್ಟಿಕ್ ಚೀಲ.

3. ಚೀಲದಲ್ಲಿ ಏನಿರಬೇಕು

ಬೆಂಗಳೂರಿನ ಸಿಹಿ ಪೆಟ್ಟಿಗೆ ಒಯ್ಯುವುದನ್ನು ನಾನು ನಿಲ್ಲಿಸಿದ್ದೇನೆ. ಶಿರಸಿ ಪೇಟೆಯ ಐದು ರಸ್ತೆಯ ಸುತ್ತ ಈಗ ಎಲ್ಲವೂ ಸಿಗುತ್ತದೆ, ಅಲ್ಲದೆ ಆ ಪೆಟ್ಟಿಗೆ ಮೂರು ದಿನ ಫ್ರಿಜ್ಜಿನಲ್ಲಿ ಕೂತು ಕೊನೆಗೆ ಕೆಲಸದವಳ ಮನೆಗೆ ಹೋಗುವುದನ್ನು ಕಣ್ಣಾರೆ ನೋಡಿದ್ದೇನೆ. ಒಂದು ವಾರ ಮೊದಲು ಕೇಳಿ: "ಇಲ್ಲಿಂದ ಏನು ತರಲಿ?" ಮೊದಲು "ಏನೂ ಬೇಡ" ಬರುತ್ತದೆ. ಎರಡು ದಿನ ಬಿಟ್ಟು ಮತ್ತೆ ಕೇಳಿದರೆ ನಿಜವಾದ ಪಟ್ಟಿ ಬರುತ್ತದೆ. ಹೋದ ವರ್ಷದ ಪಟ್ಟಿ: ಮಿಕ್ಸರ್ ಜಾರಿನ ರಬ್ಬರ್, ಆಯಿಗೆ ಮೊಣಕಾಲಿಗೆ ಹಾಕುವ ಪಟ್ಟಿ, ಅಣ್ಣನ ಮಗಳಿಗೆ ಒಂದು ಜಾಮಿಟ್ರಿ ಪೆಟ್ಟಿಗೆ. ಒಟ್ಟು ಸಾವಿರ ರೂಪಾಯಿಯೂ ಆಗಲಿಲ್ಲ.

ನಮ್ಮ ಪಾಲಿಗೆ: ಹೊದಿಕೆ ಮತ್ತು ಟವೆಲ್ ಪ್ರತಿಯೊಬ್ಬರಿಗೂ ಸ್ವಂತದ್ದು. ಆರು ಜನರ ಹೊದಿಕೆ ಒಗೆದು ಒಣಗಿಸುವುದು ಎಂದರೆ ಒಂದು ದಿನದ ಕೆಲಸ, ದಸರೆಯ ಮಳೆಯಲ್ಲಾದರೆ ಮೂರು ದಿನದ್ದು. ಸೊಳ್ಳೆಪರದೆ, ಬ್ಯಾಟರಿ, ನಿತ್ಯದ ಮಾತ್ರೆಗಳು, ಮಕ್ಕಳ ಜ್ವರದ ಔಷಧ, ಚಿಲ್ಲರೆ ನೋಟು. ಕಾಡಿಗೆ ಹೋಗುವುದಿದ್ದರೆ ತುಂಬುತೋಳಿನ ಅಂಗಿ, ಉದ್ದ ಕಾಲುಚೀಲ. ಮತ್ತೆ, ನಾಲ್ಕು ಪ್ಲಗ್ ಕೂರುವ ಒಂದು ಉದ್ದ ವೈರಿನ ಹಲಗೆ. ಹಳೆಯ ಮನೆಗಳಲ್ಲಿ ಕೋಣೆಗೊಂದೇ ಪ್ಲಗ್ ಇರುತ್ತದೆ, ಅದೂ ಕಪಾಟಿನ ಹಿಂದೆ. ಒಂದು ವರ್ಷ ನಮ್ಮ ನಾಲ್ಕು ಮೊಬೈಲುಗಳು ಅಡುಗೆಮನೆಯ ಮಿಕ್ಸರಿನ ಪ್ಲಗ್ಗಿಗೆ ಸರದಿ ಹಚ್ಚಿ ಕೂತಿದ್ದವು, ಚಟ್ನಿ ರುಬ್ಬಬೇಕೆಂದರೆ ಅತ್ತಿಗೆ ನಮ್ಮ ಅನುಮತಿ ಕೇಳುವಂತಾಗಿತ್ತು. ಕರೆಂಟು ಹೋದಾಗ ಇನ್ವರ್ಟರಿನಲ್ಲಿ ಚಾರ್ಜಿಗೆ ಹಾಕಬೇಡಿ. ಆ ಬ್ಯಾಟರಿ ರಾತ್ರಿಯ ದೀಪಕ್ಕೂ ಆಯಿಯ ಫ್ಯಾನಿಗೂ ಬೇಕು.

ಕೊನೆಯದಾಗಿ, ತಿರುಗಿಸಿದರೆ ಬಿಗಿಯಾಗಿ ಮುಚ್ಚುವ ಮೂರು ಖಾಲಿ ಡಬ್ಬಿ. ಯಾಕೆಂದು ಆಮೇಲೆ ಹೇಳುತ್ತೇನೆ.

4. ಮೊದಲ ದಿನ: ಬಚ್ಚಲ ಸರದಿ

ಬಸ್ಸಿನಿಂದ ಇಳಿದು ಬಂದವರಿಗೆ ಮೊದಲು "ಆಸರಿಗೆ (ಕುಡಿಯಲು) ಏನು?" ಎಂಬ ಪ್ರಶ್ನೆ. ಚಹಾ, ಕಷಾಯ, ಮಜ್ಜಿಗೆ, ಮೂರರಲ್ಲಿ ಒಂದು ಹೇಳಿ. ನಾಲ್ಕು ಜನ ನಾಲ್ಕು ಬಗೆ ಹೇಳಬೇಡಿ. ಅದಾದ ಮೇಲೆ ಅಂದೇ ಬೆಳಿಗ್ಗೆ ಇತ್ಯರ್ಥವಾಗಬೇಕಾದ ಒಂದೇ ವಿಷಯ ಎಂದರೆ ಸ್ನಾನ.

ಆ ಮನೆಯಲ್ಲಿ ಬಚ್ಚಲು ಒಂದು, ಹಂಡೆ ಒಂದು. ಅಪ್ಪಯ್ಯ ಪೂಜೆಗೆ ಮೊದಲು ಸ್ನಾನ ಮಾಡಬೇಕು, ಅಣ್ಣ ಒಂಬತ್ತಕ್ಕೆ ಅಂಗಡಿಗೆ ಹೋಗಬೇಕು, ಅವನ ಮಗಳಿಗೆ ರಜೆಯಲ್ಲೂ ಕಂಪ್ಯೂಟರ್ ತರಗತಿ. ನಮಗೆ ಎಲ್ಲಿಗೂ ಹೋಗಬೇಕಾಗಿಲ್ಲ. ಹಾಗಾಗಿ ನಮ್ಮ ಸರದಿ ಎಲ್ಲರದೂ ಮುಗಿದ ಮೇಲೆ, ಹತ್ತರ ನಂತರ. ಹಂಡೆಯಿಂದ ಬಿಸಿನೀರು ತೋಡಿದಷ್ಟೇ ತಣ್ಣೀರು ತುಂಬಿಸಬೇಕು, ಒಲೆಗೆ ಒಂದು ಸೋಗೆಯನ್ನೋ ಕಟ್ಟಿಗೆಯನ್ನೋ ಒಳಗೆ ನೂಕಬೇಕು. ಇದನ್ನು ಮಕ್ಕಳಿಗೆ ಕಲಿಸಿ. ಶವರಿನ ಕೆಳಗೆ ಬೆಳೆದ ನನ್ನ ಮಗ ಮೊದಲ ಸಲ ಹಂಡೆಯನ್ನು ತಳದವರೆಗೆ ಖಾಲಿ ಮಾಡಿ ಹಾಡು ಹೇಳುತ್ತ ಹೊರಗೆ ಬಂದಿದ್ದ. ಕೆಳಗೆ ಬೆಂಕಿ ಉರಿಯುತ್ತಿತ್ತು. ತಾಮ್ರದ ಹಂಡೆಗೆ ಆ ದಿನ ಏನೂ ಆಗದಿದ್ದುದು ನಮ್ಮ ಪುಣ್ಯ.

ಅಡುಗೆಮನೆಯ ಮತ್ತು ದೇವರ ಕೋಣೆಯ ಮಡಿಯ ನಿಯಮ ಮನೆಯಿಂದ ಮನೆಗೆ ಬೇರೆ. ಗೊತ್ತಿಲ್ಲದಿದ್ದರೆ ಕೇಳಿ. ಮುಟ್ಟಿನ ದಿನಗಳ ವಿಷಯವೂ ಇದರಲ್ಲೇ ಬರುತ್ತದೆ. ಕೆಲವು ಮನೆಗಳಲ್ಲಿ ಇದನ್ನೆಲ್ಲ ಎಂದೋ ಬಿಟ್ಟಿದ್ದಾರೆ, ಕೆಲವು ಮನೆಗಳಲ್ಲಿ ಹಿರಿಯರಿರುವವರೆಗೆ ನಡೆಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಆದರೂ ಐದು ದಿನದ ನೆಂಟಳಾಗಿ ಹೋಗಿ ಆ ಜಗಳ ಎಬ್ಬಿಸಿದರೆ ಅದರ ಬಿಸಿ ತಟ್ಟುವುದು ನಾವು ಹೊರಟ ಮೇಲೆ ಅಲ್ಲೇ ಉಳಿಯುವ ಅತ್ತಿಗೆಗೆ. ಅವಳ ಹತ್ತಿರ ಮೊದಲೇ ಫೋನಿನಲ್ಲಿ ಮಾತಾಡಿ, ದಿನಾಂಕ ಹೊಂದಿಸಿಕೊಳ್ಳುತ್ತೇನೆ. ಹನ್ನೆರಡರ ಮಗಳಿಗೂ ಎಲ್ಲವನ್ನೂ ಮೊದಲೇ ಬಿಡಿಸಿ ಹೇಳಿದ್ದೇನೆ, ಅಲ್ಲಿ ಹೋಗಿ ಯಾರದೋ ಬಾಯಿಂದ ಅವಳು ಅದನ್ನು ಕೇಳಬಾರದು.

5. ಅಡುಗೆಮನೆ

"ಏನಾದರೂ ಸಹಾಯ ಮಾಡಲಾ?" ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುವುದು ದಂಡ. "ಬೇಡ ಬಿಡು, ರಜೆಗೆ ಬಂದಿದ್ದೀಯ" ಎಂಬ ಉತ್ತರ ಬಂದೇ ಬರುತ್ತದೆ, ಕೇಳಿದವರಿಗೆ ಕೇಳಿದ ಸಮಾಧಾನ, ಮಾಡುವವರಿಗೆ ಕೆಲಸ ಹಾಗೇ. ಒಂದು ಕೆಲಸವನ್ನು ಹೆಸರು ಹಿಡಿದು ನಿಮ್ಮದಾಗಿಸಿಕೊಳ್ಳಿ. ನನ್ನದು ಮಧ್ಯಾಹ್ನದ ಊಟದ ನಂತರದ ಪಾತ್ರೆ ಮತ್ತು ಸಂಜೆಯ ಚಹಾ. ಹೋದ ದಿನವೇ ಅತ್ತಿಗೆಗೆ ಹೇಳಿಬಿಡುತ್ತೇನೆ: "ಊಟ ಆದ ಮೇಲೆ ನೀನು ಈ ಕಡೆ ಬರಬೇಡ, ನಾಲ್ಕೂವರೆಗೆ ಚಹಾ ನಾನೇ ತಂದುಕೊಡುತ್ತೇನೆ." ಎರಡು ದಿನ ಅವಳು ನಡುನಡುವೆ ಬಂದು ಇಣುಕಿದಳು. ಮೂರನೆಯ ದಿನ ಮಲಗಿದಳು.

ಗಂಡಂದಿರ ಪಾಡು ಬೇರೆ. ಅಳಿಯ ತಟ್ಟೆ ಎತ್ತಿದರೆ ಆಯಿಯ ಮುಖ ಸಣ್ಣದಾಗುತ್ತದೆ, ಕುಳಿತೇ ಇದ್ದರೆ ನನ್ನ ಮುಖ. ನಮ್ಮವರಿಗೆ ನಾನು ಹುಡುಕಿಕೊಟ್ಟದ್ದು ಅಡುಗೆಮನೆಯ ಹೊರಗಿನ ಕೆಲಸ: ಕಾಯಿ ಸುಲಿಯುವುದು, ಹಿತ್ತಿಲಿನ ಗಿಡಗಳಿಗೆ ನೀರು, ಪೇಟೆಯಿಂದ ತರಕಾರಿ. ತುಮಕೂರಿನವರಿಗೆ ತೆಂಗಿನಕಾಯಿ ಸುಲಿಯಲು ಹೇಳಿಕೊಡಬೇಕಾಗಿಲ್ಲ. "ಭಾವನ ಕೈಗೆ ಸಿಕ್ಕರೆ ಕಾಯಿ ಉಳಿಯುವುದಿಲ್ಲ" ಎಂದು ಅತ್ತಿಗೆ ಈಗ ಅವರು ಬರುವವರೆಗೆ ಕಾಯಿ ಕೂಡಿಡುತ್ತಾಳೆ.

ಖರ್ಚಿನ ಮಾತು. ನೋಟು ಎಣಿಸಿ ಕೊಟ್ಟರೆ ಅವಮಾನ, ಏನೂ ಕೊಡದಿದ್ದರೆ ಭಾರ. ದಾರಿ ಇದು: ಹಾಲಿನವರಿಗೆ ಆ ವಾರದ ಹೆಚ್ಚುವರಿ ಹಾಲಿನ ದುಡ್ಡು ನೀವೇ ಕೊಡಿ, ಸಂತೆಗೆ ಹೋದಾಗ ಚೀಲ ನೀವೇ ತುಂಬಿಸಿ, ಎಣ್ಣೆ ಬೇಳೆ ಮುಗಿಯುತ್ತ ಬಂದದ್ದನ್ನು ನೋಡಿ ಕೇಳದೆ ತನ್ನಿ. ಒಂದು ಹೊತ್ತು ಎಲ್ಲರನ್ನೂ ಹೊರಗೆ ಊಟಕ್ಕೆ ಕರೆದುಕೊಂಡು ಹೋಗಿ. ಆಯಿ "ಮನೆಯಲ್ಲಿ ಅನ್ನ ಇದೆ" ಎಂದು ಗೊಣಗುತ್ತಾಳೆ. ಆದರೂ ಸೀರೆ ಬದಲಿಸಿ ಎಲ್ಲರಿಗಿಂತ ಮೊದಲು ಜಗಲಿಯಲ್ಲಿ ಬಂದು ಕೂರುವವಳು ಅವಳೇ.

ಇನ್ನು ಕೆಲಸವೇ ರಜೆಯಾಗುವ ಒಂದು ದಿನ ಇದೆ, ಅದನ್ನು ತಪ್ಪಿಸಿಕೊಳ್ಳಬೇಡಿ: ಹಲಸಿನ ಹಪ್ಪಳದ ದಿನ. ಇದಕ್ಕೆ ಹಣ್ಣು ಆಗುವುದಿಲ್ಲ, ಬಲಿತ ಕಾಯಿ ಬೇಕು. ಹೆಚ್ಚುವ ಮೊದಲು ಕೈಗೆ, ಕತ್ತಿಗೆ ತೆಂಗಿನೆಣ್ಣೆ ಸವರಿಕೊಳ್ಳಿ. ಇಲ್ಲದಿದ್ದರೆ ಮೇಣ ಬೆರಳಿನ ಸಂದಿಯಲ್ಲಿ ಮೂರು ದಿನ ಇರುತ್ತದೆ. ತೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಉಪ್ಪು, ಮೆಣಸು ಹಾಕಿ ಒರಳಿನಲ್ಲಿ ಕುಟ್ಟಬೇಕು. ಕುಟ್ಟುತ್ತ ಕುಟ್ಟುತ್ತ ಅದು ಒನಕೆಗೆ ಅಂಟಿ ಮೇಲೆದ್ದು ಬರುತ್ತದೆ, ಆಗ ಹದ ಬಂತು ಎಂದು ಲೆಕ್ಕ. ನಮ್ಮ ಮನೆಯಲ್ಲಿ ಮುಂದಿನದು ಮಕ್ಕಳ ಕೆಲಸ. ಒಬ್ಬರು ಉಂಡೆ ಕಟ್ಟುವವರು, ಒಬ್ಬರು ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಉಂಡೆ ಇಟ್ಟು ಮಣೆಯಿಂದ ಒತ್ತುವವರು, ಒಬ್ಬರು ಬಿಡಿಸಿ ಚಾಪೆಯ ಮೇಲೆ ಹಾಸುವವರು, ಒಬ್ಬರು ಕೋಲು ಹಿಡಿದು ಕಾಗೆ ಕಾಯುವವರು. ಎಲ್ಲರೂ ಹಿಟ್ಟು ಕದ್ದು ತಿನ್ನುವವರು. ಕೊಬ್ಬರಿ ಎಣ್ಣೆ ಹಚ್ಚಿ ತಿನ್ನುವ ಆ ಬಿಸಿ ಹಿಟ್ಟಿನ ಮುಂದೆ ಕರಿದ ಹಪ್ಪಳ ಏನೇನೂ ಅಲ್ಲ ಎಂಬುದು ನನ್ನ ಪಕ್ಷ. ನಲವತ್ತು ಹಪ್ಪಳಕ್ಕೆಂದು ಕುಟ್ಟಿದ ಹಿಟ್ಟಿನಿಂದ ಚಾಪೆ ಸೇರುವುದು ಮೂವತ್ತು, ಉಳಿದದ್ದು ಹೊಟ್ಟೆಗೆ. ಬೆಂಗಳೂರಿನಲ್ಲಿ ಐದು ನಿಮಿಷ ಒಂದು ಕಡೆ ಕೂರದ ನನ್ನ ಮಗಳು ಅಂದು ಬೆಳಗಿನ ಎಂಟರಿಂದ ಮಧ್ಯಾಹ್ನದವರೆಗೆ ಮಣೆ ಒತ್ತಿದಳು. ಸಂಜೆ ತೋಳು ನೋವೆಂದು ಅತ್ತಿಗೆಯಿಂದ ಎಣ್ಣೆ ತಿಕ್ಕಿಸಿಕೊಂಡಳು.

ಊಟದ ಬಗ್ಗೆ ಮಕ್ಕಳಿಗೆ ಮೊದಲೇ ಒಂದು ಮಾತು ಹೇಳಿರಿ: ಇಷ್ಟವಾಗದಿದ್ದರೆ ಸ್ವಲ್ಪ ಹಾಕಿಸಿಕೊಳ್ಳಬೇಕು, ಮೂಗು ಮುರಿಯಬಾರದು. ಒಂದೆಲಗದ ತಂಬುಳಿ ಮೊದಲ ದಿನ ಹಸಿರು ನೀರಿನಂತೆ ಕಾಣುತ್ತದೆ, ಮೂರನೆಯ ದಿನ ಲೋಟದಲ್ಲಿ ಕೇಳುತ್ತಾರೆ. ಅಪ್ಪೆಹುಳಿಯ ವಿಷಯದಲ್ಲಿ ದೊಡ್ಡವರು ಎಚ್ಚರದಿಂದಿರಬೇಕು. ಬೇಯಿಸಿದ ಮಾವಿನ ಹುಳಿನೀರಿಗೆ ಇಂಗು, ಸಾಸಿವೆ, ಮೆಣಸಿನ ಒಗ್ಗರಣೆ ಬಿದ್ದ ಆ ಸಾರನ್ನು ಎರಡು ಲೋಟ ಕುಡಿದವರು ನಾಲ್ಕು ಗಂಟೆಗೆ ಮೊದಲು ಏಳುವುದಿಲ್ಲ. ಆ ಮಧ್ಯಾಹ್ನಕ್ಕೆ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ.

6. ತಿರುಗಾಟ: ಎರಡು ದಿನಕ್ಕೊಂದು, ಅದೂ ಅರ್ಧ ದಿನ

ಸುತ್ತ ನೋಡುವಂಥದ್ದು ಬೇಕಾದಷ್ಟಿದೆ. ಕದಂಬರ ರಾಜಧಾನಿಯಾಗಿದ್ದ ಬನವಾಸಿ ಸುಮಾರು 24 ಕಿ.ಮೀ., ವರದೆಯ ದಂಡೆಯಲ್ಲಿ ಮಧುಕೇಶ್ವರ ದೇವಾಲಯ. ಮಧ್ಯಾಹ್ನದ ಬಿಸಿಲಿನಲ್ಲೂ ಒಳಗೆ ಕಲ್ಲು ತಣ್ಣಗಿರುತ್ತದೆ. ಸಹಸ್ರಲಿಂಗ 17 ಕಿ.ಮೀ. ಯಾಣ ಸುಮಾರು 40, ಕೊನೆಯಲ್ಲಿ ಕಾಡಿನೊಳಗೆ ನಡೆಯಬೇಕು. ಅಲ್ಲಿನ ಭೈರವೇಶ್ವರ ಶಿಖರ 120 ಮೀಟರ್ ಎತ್ತರ. ಇವನ್ನೆಲ್ಲ ಒಂದೇ ರಜೆಯಲ್ಲಿ ಮುಗಿಸುತ್ತೇವೆ ಎಂದು ಹೊರಟರೆ ಬೆಳಿಗ್ಗೆ ಆರಕ್ಕೆ ನಿಮಗೆ ತಿಂಡಿ ಮಾಡಿಕೊಡುವವರು, ರಾತ್ರಿ ಒಂಬತ್ತಕ್ಕೆ ಬಿಸಿ ಅನ್ನ ಬಡಿಸುವವರು ಯಾರು? ಅಷ್ಟು ನೋಡಬೇಕಿದ್ದರೆ ವಸತಿಗೃಹ ಹಿಡಿಯುವುದೇ ಒಳ್ಳೆಯದು, ಅದರಲ್ಲಿ ತಪ್ಪೇನೂ ಇಲ್ಲ.

ಹತ್ತಿರದ ಕಡೆಗಳಿಗೆ ಬಸ್ಸಿನಲ್ಲೇ ಹೋಗಬಹುದು. ಬೆಳಗಿನ ಬಸ್ಸಿನ ಸಮಯವನ್ನು ಹಿಂದಿನ ದಿನವೇ ನಿಲ್ದಾಣದಲ್ಲಿ ಕೇಳಿಟ್ಟುಕೊಳ್ಳಿ, ಹಿಂತಿರುಗುವ ಕೊನೆಯ ಬಸ್ಸನ್ನು ಮರೆಯದೆ ಕೇಳಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಜೊತೆಗಿರಲಿ. ನಾನು, ಆಯಿ, ಮಗಳು ಒಂದು ದಿನ ಹೀಗೇ ಬನವಾಸಿಗೆ ಹೋಗಿ ಬಂದೆವು. ದಾರಿಯುದ್ದಕ್ಕೂ ಆಯಿ ಪ್ರತಿ ನಿಲ್ದಾಣದಲ್ಲಿ ಹತ್ತಿದವರ ಮನೆತನ ವಿಚಾರಿಸಿದಳು.

ಕಾಡಿನ ವಿಷಯದಲ್ಲಿ ಒಂದು ಎಚ್ಚರಿಕೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನ (ಉಣ್ಣೆಯ) ಕಡಿತದಿಂದ, ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ. ಅಂದರೆ ನಮ್ಮ ಬೇಸಿಗೆ ರಜೆಯೂ ಅದರೊಳಗೇ ಬರುತ್ತದೆ. ಹೆದರಿ ಮನೆಯಲ್ಲಿ ಕೂರಬೇಕಾಗಿಲ್ಲ. ಈ ವರ್ಷ ಆ ಕಡೆ ಕಾಯಿಲೆ ಕಾಣಿಸಿಕೊಂಡಿದೆಯೇ ಎಂದು ಊರಿನವರನ್ನು ಕೇಳಿ, ಕಾಣಿಸಿಕೊಂಡಿದ್ದರೆ ಆ ಕಾಡಿಗೆ ಹೋಗಬೇಡಿ. ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚುವ ಎಣ್ಣೆಯನ್ನು ಆರೋಗ್ಯ ಇಲಾಖೆಯವರು ಹಂಚುತ್ತಾರೆ. ತರಗೆಲೆಯ ಮೇಲೆ ಕೂರಬೇಡಿ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ, ಮಕ್ಕಳ ಕಿವಿಯ ಹಿಂದೆ, ಕಂಕುಳಲ್ಲಿ ನೋಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೆ ತಿಳಿಸಿ. ಬೆಂಗಳೂರಿಗೆ ವಾಪಸಾದ ಮೇಲೆ ಜ್ವರ ಬಂದರೆ ಮಲೆನಾಡಿನ ಕಾಡಿಗೆ ಹೋಗಿದ್ದೆವೆಂದು ವೈದ್ಯರಿಗೆ ಮೊದಲೇ ಹೇಳಿ. ದಸರೆಯ ಹೊತ್ತಿಗೆ ಹೋಗುವವರಿಗೆ ಉಂಬಳದ (ಜಿಗಣೆಯ) ಕಾಟ. ಅದು ರಕ್ತ ಕುಡಿದು ಬಿಡುತ್ತದೆ, ಅಷ್ಟೇ.

ತಿರುಗಾಟಕ್ಕೆ ಅತ್ತಿಗೆಯನ್ನೂ ಕರೆದುಕೊಂಡು ಹೋಗಬೇಕು ಎಂದು ನಾನು ವರ್ಷಗಟ್ಟಲೆ ಒತ್ತಾಯ ಮಾಡುತ್ತಿದ್ದೆ. ಒಂದು ಸಲ ನೇರವಾಗಿ ಕೇಳಿದೆ, "ನಿನಗೆ ಎಲ್ಲಿಗೆ ಹೋಗಬೇಕು ಹೇಳು, ಅಲ್ಲಿಗೇ ಹೋಗೋಣ."

"ತಂಗಿ, ನೀನು ಎಲ್ಲರನ್ನೂ ಕರೆದುಕೊಂಡು ಹೋಗು. ಆಯಿ, ಅಪ್ಪಯ್ಯ, ಇವರು, ಮಕ್ಕಳು, ಒಬ್ಬರೂ ಉಳಿಯಬಾರದು. ಸಂಜೆ ಆರರವರೆಗೆ ಬರಬೇಡಿ" ಎಂದಳು.

ಅಂದಿನಿಂದ ಪ್ರತಿ ರಜೆಯಲ್ಲೂ ಒಂದು ದಿನ ಹಾಗೆ. ಕಟ್ಟಿಕೊಡುವ ಬುತ್ತಿಯೂ ಬೇಡ, ಹೊರಗೆ ತಿನ್ನುತ್ತೇವೆ. ಬಂದು ನೋಡಿದರೆ ಅವಳ ಕೂದಲು ಒದ್ದೆ, ಜಗಲಿಯಲ್ಲಿ ಕಾಲು ಚಾಚಿ ಕೂತು ವಾರಪತ್ರಿಕೆ ಓದುತ್ತಿರುತ್ತಾಳೆ. ಮಧ್ಯಾಹ್ನ ಏನು ತಿಂದೆ ಎಂದು ಕೇಳಿದರೆ ಹೇಳುವುದಿಲ್ಲ.

7. ಉಳಿದ ನೆಂಟರು

ಸಣ್ಣ ಊರಿನಲ್ಲಿ ನೀವು ಬಂದ ಸುದ್ದಿ ನಿಮ್ಮ ಆಟೊಗಿಂತ ಮೊದಲು ಮುಟ್ಟುತ್ತದೆ. ಮರಾಠಿಕೊಪ್ಪದ ಅತ್ತೆಯ ಮನೆಗೆ ಹೋಗಿ ಬನವಾಸಿ ರಸ್ತೆಯ ಚಿಕ್ಕಪ್ಪನ ಮನೆಗೆ ಹೋಗದಿದ್ದರೆ ಆ ದೂರು ಮುಂದಿನ ಮದುವೆಯವರೆಗೆ ಕಾದಿದ್ದು ಅಲ್ಲಿ ಎಲ್ಲರೆದುರು ಹೊರಬೀಳುತ್ತದೆ. ಆಯಿಯ ಹತ್ತಿರ ಕೂತು ಯಾರ ಮನೆಗೆ ಹೋಗಲೇಬೇಕು, ಯಾರಿಗೆ ಫೋನು ಸಾಕು ಎಂಬ ಪಟ್ಟಿ ಮಾಡಿಕೊಳ್ಳಿ. ಈ ಲೆಕ್ಕಾಚಾರದಲ್ಲಿ ಅವಳನ್ನು ಮೀರಿಸುವವರಿಲ್ಲ.

ಹೋಗುವ ಹೊತ್ತು ಸಂಜೆ ನಾಲ್ಕರ ನಂತರ. "ಆಸರಿಗೆ ಮಾತ್ರ, ಊಟಕ್ಕೆ ನಿಲ್ಲುವುದಿಲ್ಲ" ಎಂದು ಮೊದಲೇ ಫೋನಿನಲ್ಲಿ ಹೇಳಿ. ಒಂದು ಸಂಜೆಗೆ ಎರಡು ಮನೆ, ಹೆಚ್ಚೆಂದರೆ ಮೂರು. ಮೂರನೆಯ ಮನೆಯ ಚಕ್ಕುಲಿಗೆ ಹೊಟ್ಟೆಯಲ್ಲಿ ಜಾಗ ಇಟ್ಟುಕೊಂಡೇ ಮೊದಲ ಮನೆಯಲ್ಲಿ ಕೈಯಿಡಿ. ಸಂಬಳ ಎಷ್ಟು, ಸ್ವಂತ ಮನೆ ಯಾವಾಗ, ಮಗಳು ಯಾಕೆ ಇಷ್ಟು ಸಪೂರ ಎಂಬ ಪ್ರಶ್ನೆಗಳಿಗೆ ನಗುತ್ತ ಹೇಳುವ ಒಂದು ಸಾಲಿನ ಉತ್ತರ ತಯಾರಿರಲಿ. ಪಾಲು, ಗಡಿ, ತೋಟದ ಮಾತು ಎದ್ದರೆ ಕವಳದ (ಎಲೆ ಅಡಿಕೆಯ) ಬಟ್ಟಲು ಆ ಕಡೆಯಿಂದ ಈ ಕಡೆಗೆ ಸರಿಸಿ ಅಡಿಕೆಯ ದರ ಕೇಳಿ. ಮುಂದಿನ ಅರ್ಧ ಗಂಟೆ ನೀವು ಮಾತಾಡಬೇಕಾಗಿಲ್ಲ.

8. ಮಕ್ಕಳು, ಮತ್ತು ಕಚೇರಿ

ಮೊದಲ ಎರಡು ದಿನ "ಬೇಜಾರು" ಎನ್ನುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ. ಬಾವಿಕಟ್ಟೆಯ ಹತ್ತಿರ ದೊಡ್ಡವರಿಲ್ಲದೆ ಹೋಗಬಾರದು, ಹೊಳೆಗೆ ಇಳಿಯಲೇಬಾರದು. ಈ ಎರಡು ಬಿಟ್ಟರೆ ಬೇರೆ ಕಾನೂನು ನಾನು ಮಾಡಿಲ್ಲ. ಅವರ ಜಗಳಕ್ಕೆ ನ್ಯಾಯ ಹೇಳಲು ಹೋಗಬೇಡಿ, ತೀರ್ಪು ಮುಗಿಯುವುದರೊಳಗೆ ಅವರು ಮತ್ತೆ ಆಡುತ್ತಿರುತ್ತಾರೆ, ನೀವು ಮತ್ತು ಅತ್ತಿಗೆ ಮಾತ್ರ ಮುಖ ತಿರುಗಿಸಿಕೊಂಡಿರುತ್ತೀರಿ. ಅಂಕಗಳ ಹೋಲಿಕೆ ಯಾರಾದರೂ ಶುರುಮಾಡಿದರೆ ಎದ್ದು ನೀರು ಕುಡಿಯಲು ಹೋಗಿ.

ಅಲ್ಲಿಂದಲೇ ಕಚೇರಿ ಕೆಲಸ ಮಾಡುತ್ತೇನೆ ಎಂಬ ಆಸೆ ಬೇಡ. ಒಂದು ವರ್ಷ ಮಾಡಿದೆ. ಮೊಬೈಲಿನ ಸಿಗ್ನಲ್ ಸಿಗುತ್ತಿದ್ದುದು ದನದ ಕೊಟ್ಟಿಗೆಯ ಪಕ್ಕದಲ್ಲಿ ಮಾತ್ರ, ಸಭೆಯ ನಡುವೆ ಎಮ್ಮೆ ಕೂಗಿತು, ಇತ್ತ ಮನೆಯವರೆಲ್ಲ ನನಗಾಗಿ ಪಿಸುಮಾತಿನಲ್ಲಿ ಮಾತಾಡುತ್ತಿದ್ದರು. ರಜೆ ಹಾಕಿ ಹೋಗಿ.

9. ಹೊರಡುವ ದಿನ

ಹಿಂದಿನ ದಿನವೇ ಹೊದಿಕೆ ಮಡಚಿ, ಮಲಗಿದ ಕೋಣೆ ಗುಡಿಸಿ, ಮಂಚದ ಕೆಳಗೆ ಕಾಲುಚೀಲ ಉಳಿದಿದೆಯೇ ನೋಡಿ. ಮನೆಕೆಲಸಕ್ಕೆ ಬರುವವರಿದ್ದರೆ ಅವರ ಕೈಗೆ ದುಡ್ಡು ಕೊಡಿ. ನಿಮ್ಮ ಪಾಲಿನ ಪಾತ್ರೆ, ಬಟ್ಟೆ ಅವರೂ ತೊಳೆದಿದ್ದಾರೆ. ಅಣ್ಣನ ಮಕ್ಕಳಿಗೆ ಕೊಡುವುದನ್ನು ಬಸ್ಸು ಹೊರಡುವಾಗ ಕೊಡಿ, ವಾಪಸು ತುರುಕಲು ಅತ್ತಿಗೆಗೆ ಸಮಯ ಸಿಗಬಾರದು.

ಈಗ ಆ ಮೂರು ಡಬ್ಬಿಗಳು. ಬೇಡವೆಂದರೂ ಕಟ್ಟುತ್ತಾರೆ: ಅಪ್ಪೆ ಮಿಡಿ ಉಪ್ಪಿನಕಾಯಿ, ಒಣಗಿದ ಹಪ್ಪಳದ ಕಟ್ಟು, ಕಾಗದದಷ್ಟು ತೆಳುವಾದ ಸಿಹಿತಿಂಡಿ ತೊಡೆದೇವು, ಒಂದಿಷ್ಟು ಅಡಿಕೆ. ಉಪ್ಪಿನಕಾಯಿಯನ್ನು ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿಸಿಕೊಂಡು ಬಂದ ವರ್ಷ ರಸ ಸೋರಿ ಮಗಳ ಶಾಲೆಯ ಸಮವಸ್ತ್ರಕ್ಕೆ ಇಳಿದಿತ್ತು, ಆ ಬಣ್ಣ ಇಂದಿಗೂ ಹೋಗಿಲ್ಲ. ನಿಮ್ಮದೇ ಡಬ್ಬಿ ಕೊಡಿ, ಬಾಯಿಗೆ ಪ್ಲಾಸ್ಟಿಕ್ ಹಾಕಿ ಮುಚ್ಚಳ ತಿರುಗಿಸಿ, ಚೀಲದಲ್ಲಿ ನೆಟ್ಟಗೆ ನಿಲ್ಲಿಸಿ. ತೊಡೆದೇವು ಮುಟ್ಟಿದರೆ ಮುರಿಯುತ್ತದೆ, ಅದನ್ನು ಗಟ್ಟಿ ಡಬ್ಬಿಯಲ್ಲಿಟ್ಟು ಕೈಯಲ್ಲೇ ಹಿಡಿದುಕೊಳ್ಳಿ. ಹಪ್ಪಳ ಎಲ್ಲಿಟ್ಟರೂ ನಡೆಯುತ್ತದೆ. ಕೊಟ್ಟದ್ದನ್ನು "ಯಾರು ತಿನ್ನುತ್ತಾರೆ" ಎಂದು ಬಿಟ್ಟು ಬರಬೇಡಿ.

ಮನೆ ಮುಟ್ಟಿದ ಕೂಡಲೇ ಫೋನು ಮಾಡಿ, ಅಣ್ಣನಿಗಲ್ಲ. ನಮ್ಮ ಮನೆಗೆ ಯಾವಾಗ ಬರುತ್ತೀರಿ ಎಂದು ಅವರಿಗೂ ಎರಡು ದಿನಾಂಕ ಹೇಳಿ. ನಮ್ಮದು ಎರಡು ಕೋಣೆಯ ಮನೆ, ಬಂದರೆ ಹಾಲ್‌ನಲ್ಲಿ ಸಾಲಾಗಿ ಮಲಗಬೇಕು. ಹೋದ ದಸರೆಯಲ್ಲಿ ಹಾಗೇ ಮಲಗಿದೆವು.

ಈ ಬೇಸಿಗೆಯಲ್ಲಿ ನಾನು ಫೋನು ಮಾಡಿದಾಗ ಅತ್ತಿಗೆ ಮೊದಲು ಹೇಳಿದ್ದು, "ತಂಗಿ, ನಿಮ್ಮ ಪ್ಲಗ್ಗಿನ ಹಲಗೆ ಮೆತ್ತಿನ ಮೇಲೇ ಉಳಿದಿದೆ."

ಕೊರಿಯರ್ ಮಾಡುವುದು ಬೇಡ, ಅಲ್ಲೇ ಇರಲಿ ಎಂದೆ.

"ಮಾಡುವುದೂ ಇಲ್ಲ" ಎಂದಳು. "ಮಿಕ್ಸರ್ ಈಗ ಅದರಲ್ಲೇ."